ಭರಮುವಿನ ಕಿವಿ, ಸೋನಾಲಿಯ ಬ್ಯಾಂಜೋ

ನಿಪ್ಪಾಣಿಯಲ್ಲಿ ತಂಬಾಕಿನ ಹಳೆಯ ಗೋದಾಮುಗಳ ಸಾಲು ಮುಗಿಯುವ ಕಡೆ ಎಂಟಡಿ ಅಗಲದ ಒಂದು ಅಂಗಡಿ ಇದೆ. ಬೋರ್ಡಿನ ಮೇಲೆ ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ 'ರೇಡಿಯೋ ದುರಸ್ತಿ' ಎಂದು ಬರೆದಿದೆ. ರೇಡಿಯೋ ಹಿಡಿದುಕೊಂಡು ಯಾರಾದರೂ ಅಲ್ಲಿಗೆ ಬಂದು ಎಷ್ಟು ವರ್ಷವಾಯಿತೋ ಏನೋ. ಆದರೂ ಅಂಗಡಿ ದಿನಾ ಹತ್ತು ಗಂಟೆಗೆ ತೆರೆಯುತ್ತದೆ. ಒಳಗೆ ಭರಮು ಕುಳಿತಿರುತ್ತಾನೆ. ಐವತ್ತೊಂಬತ್ತು ವಯಸ್ಸು, ಬಿಳಿ ಟೋಪಿ, ಮೂಗಿನ ತುದಿಗೆ ಕನ್ನಡಕ. ಅವನು ವಾಲ್ವಿನ ಆಂಪ್ಲಿಫೈಯರ್ ಕಟ್ಟುತ್ತಾನೆ. ವಾಲ್ವು ಎಂದರೆ ಗಾಜಿನ ಬುರುಡೆ. ಬಲ್ಬಿನ ಹಾಗೆ ಒಳಗೆ ಕೆಂಪಗೆ ಕಾಯುತ್ತದೆ. ಒಂದು ಕಾಲಕ್ಕೆ ಎಲ್ಲ ರೇಡಿಯೋಗಳೂ, ಎಲ್ಲ ಮೈಕ್‌ಸೆಟ್ಟುಗಳೂ ಅದರಿಂದಲೇ ನಡೆಯುತ್ತಿದ್ದವು. ಈಗ ಅದನ್ನು ಬಯಸುವವರು ಕೆಲವರೇ. ಆ ಕೆಲವರು ಮಾತ್ರ ಬೇರೆ ಯಾವುದನ್ನೂ ಒಪ್ಪುವುದಿಲ್ಲ.

ಹೋದ ವರ್ಷ ಈ ಭರಮು ಅಂಗಡಿಯನ್ನೇ ಮುಚ್ಚಿಬಿಡುವುದರಲ್ಲಿದ್ದ. ಅದು ಹೇಗೆ ತಪ್ಪಿತು ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಅವನ ಊರು ಕೃಷ್ಣೆಯ ದಂಡೆಯ ಸತ್ತಿ. ಮನೆಯಲ್ಲಿ ನೂರಿಪ್ಪತ್ತು ಕುರಿಗಳಿದ್ದವು. ಸಂಜೆ ಹಿಂಡು ತಿರುಗಿ ಬರುವಾಗ ಹಟ್ಟಿಯಲ್ಲಿ ಕಟ್ಟಿದ ಮರಿಗಳೆಲ್ಲ ಒಟ್ಟಿಗೆ ಒದರುತ್ತಿದ್ದವು. ಯಾವ ಮರಿ ಯಾವ ತಾಯಿಯದು ಎಂದು ಭರಮು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಅವನಪ್ಪ ಬಂದ ಬೀಗರ ಮುಂದೆಲ್ಲ ಅದನ್ನು ಮಾಡಿಸಿ ತೋರಿಸುತ್ತಿದ್ದ. ಒಂದು ವರ್ಷ ರೋಗ ಬಿದ್ದು ಅರ್ಧ ಹಿಂಡು ಹೋಯಿತು. ಉಳಿದ ಕುರಿಗಳಿಗೆ ಅಣ್ಣ ಮಾಳೇಶ ಒಬ್ಬನೇ ಸಾಕಾಗಿದ್ದ. ಹದಿನೇಳು ತುಂಬಿದ್ದ ಭರಮು ಬೋರಗಾಂವಕ್ಕೆ ಪಾವರಲೂಮಿನ ಕೆಲಸಕ್ಕೆ ಹೋದ.

ಅಲ್ಲಿ ಒಂದೇ ತಗಡಿನ ಶೆಡ್ಡಿನೊಳಗೆ ನಲವತ್ತು ಮಗ್ಗ. ಲಾಳಿಗಳು ಬಡಿದುಕೊಳ್ಳುವ ಸದ್ದಿನಲ್ಲಿ ಪಕ್ಕದವನು ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುತ್ತಿರಲಿಲ್ಲ. ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಪಾಳಿ ಮುಗಿಸಿ ಹೊರಗೆ ಬಂದ ಮೇಲೆ ಒಂದು ತಾಸು ಕಿವಿಯಲ್ಲಿ ಸೀಟಿ ಊದಿದಂತಾಗುತ್ತಿತ್ತು. ಆಮೇಲೆ ನಿಲ್ಲುತ್ತಿತ್ತು. ನಿಲ್ಲುತ್ತದಲ್ಲ ಎಂದು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಲ್ಲಿ ಹನ್ನೊಂದು ವರ್ಷ ದುಡಿದ.

ಪಕ್ಕದ ಮಗ್ಗದವನು ಬಾಬಾಸಾಹೇಬ. ಭರಮುವಿನ ವಾರಿಗೆಯವನು, ಬ್ಯಾಂಜೋ ಬಾರಿಸುವವನು. ಈ ಭಾಗದಲ್ಲಿ ಬ್ಯಾಂಜೋ ಎಂದರೆ ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳನ್ನು ಕೂಡಿಸಿದ ಉದ್ದನೆಯ ಪೆಟ್ಟಿಗೆ; ಎಡಗೈಯಲ್ಲಿ ಗುಂಡಿ ಒತ್ತುತ್ತ ಬಲಗೈಯಲ್ಲಿ ತಂತಿ ಮೀಟುತ್ತಾರೆ. ಮದುವೆ ಇರಲಿ, ಗಣಪತಿ ಇರಲಿ, ಬ್ಯಾಂಜೋ ಪಾರ್ಟಿ ಬೇಕೇ ಬೇಕು. ಒಮ್ಮೆ ಬಾಬಾಸಾಹೇಬನ ಪಾರ್ಟಿಯ ಆಂಪ್ಲಿಫೈಯರ್ ಕೆಟ್ಟಿತು. ಅದನ್ನು ಹೊತ್ತುಕೊಂಡು ಇಬ್ಬರೂ ಚಿಕ್ಕೋಡಿಯ ಲಗಮಪ್ಪನ ಹತ್ತಿರ ಹೋದರು. ಲಗಮಪ್ಪ ಮೈಕ್‌ಸೆಟ್ಟಿನವನು, ವಾಲ್ವಿನ ಕೆಲಸದಲ್ಲಿ ಪಳಗಿದವನು. ಅವನು ಮುಚ್ಚಳ ತೆಗೆದು ಕೆಲಸ ಮಾಡುತ್ತಿದ್ದರೆ ಭರಮು ನಿಂತಲ್ಲೇ ನಿಂತುಬಿಟ್ಟ. ಮುಂದಿನ ವಾರದ ರಜೆಗೆ ಒಬ್ಬನೇ ಮತ್ತೆ ಹೋದ. ಆರು ವರ್ಷ ಹಾಗೆ ಪ್ರತಿ ರಜೆಗೂ ಹೋಗಿ ಕೆಲಸ ಕಲಿತ.

ಅವನು ಕೈಯಾರೆ ಕಟ್ಟಿದ ಮೊದಲ ಆಂಪ್ಲಿಫೈಯರ್, ಸ್ವಿಚ್ಚು ಹಾಕಿ ವಾಲ್ವು ಕಾಯುತ್ತಲೇ ಕುಕ್ಕರಿನ ಸೀಟಿಯಂತೆ ಚೀರತೊಡಗಿತು. ಬೀದಿಯ ಜನ ಹಣಿಕಿ ನೋಡಿದರು. ಲಗಮಪ್ಪ ಆರಾಮವಾಗಿ ಎದ್ದು ಬಂದು ಸ್ವಿಚ್ಚು ಆರಿಸಿ, ಒಳಗಿನ ಎರಡು ವೈರು ತೋರಿಸಿದ.

"ಹೊರಗ ಬಂದ ದನಿ ಒಂದ್ ಚಮಚೆ ತಗೊಂಡು ತಿರಗಿ ಒಳಗ ಹಾಕೂದು, ಅದಕ್ಕ ಫೀಡ್‌ಬ್ಯಾಕ್ ಅಂತಾರ. ಉಲ್ಟಾ ಹಾಕಿದ್ರ ಮಷೀನ್ ತನ್ನ ತಪ್ಪ ತಾನ ತಿದ್ಕೋತೈತಿ. ಸೀದಾ ಹಾಕಿದ್ರ ಹೊಯ್ಕೋತೈತಿ. ನೀ ಸೀದಾ ಹಾಕೀದಿ."

ಎರಡು ವೈರು ಅದಲುಬದಲು ಮಾಡಿದೊಡನೆ ಚೀರಾಟ ನಿಂತಿತು. ದನಿ ತಿಳಿಯಾಯಿತು. ಫೀಡ್‌ಬ್ಯಾಕು ಒಳ್ಳೆಯದು, ಸರಿಯಾಗಿ ಹಾಕಿದರೆ ಅದು ದನಿಯನ್ನು ತೊಳೆದು ಕೊಡುತ್ತದೆ ಎಂಬ ಮಾತು ಭರಮುವಿನ ತಲೆಯಲ್ಲಿ ಅವತ್ತೇ ಕೂತುಬಿಟ್ಟಿತು. ಮಗ್ಗ ಬಿಟ್ಟು ನಿಪ್ಪಾಣಿಯಲ್ಲಿ ಅಂಗಡಿ ಹಾಕಿದ. ಮಲಕವ್ವನನ್ನು ಮದುವೆಯಾದ. ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತುವಾಗ ಸುತ್ತು ಎಣಿಸುವ ಕೆಲಸ ಅವಳದು. ಮಾತಿನ ಮಧ್ಯೆಯೂ ಅವಳ ಎಣಿಕೆ ತಪ್ಪುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಅವನು ಒಂದೇ ವಾರದಲ್ಲಿ ಎರಡು ಆಂಪ್ಲಿಫೈಯರ್ ಕಟ್ಟಿದ. ಒಂದೇ ಕಬ್ಬಿಣ, ಒಂದೇ ತಂತಿ, ಒಂದೇ ನಕ್ಷೆ. ಅವಳಿ ಮಕ್ಕಳ ಹಾಗೆ. ಒಂದು ಬಾಬಾಸಾಹೇಬನ ಬ್ಯಾಂಜೋಗೆ. ಇನ್ನೊಂದು ಕಾಗವಾಡದ ನೇಮಿನಾಥ ಮಾಸ್ತರರಿಗೆ. ಅವರು ಮನೆಯಲ್ಲಿ ಹಾರ್ಮೋನಿಯಂ ಮತ್ತು ಹಾಡು ಕಲಿಸುತ್ತಿದ್ದರು. ಆ ಎರಡೂ ಇಪ್ಪತ್ತು ವರ್ಷ ಕೆಡದೆ ನಡೆದವು.

ಈ ನಡುವೆ ಬಾಬಾಸಾಹೇಬ ಸ್ವಂತದ್ದೇ ನಾಲ್ಕು ಮಗ್ಗ ಹಾಕಿಕೊಂಡ. ಬೆರಳ ಗಂಟುಗಳು ಬಾತು ಬ್ಯಾಂಜೋ ಬಿಟ್ಟ. ಅದನ್ನು ಮಗಳು ಸೋನಾಲಿ ಎತ್ತಿಕೊಂಡಳು. ಆಕೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ರಜೆಯಲ್ಲಿ ಅಪ್ಪನ ಪಾರ್ಟಿಯನ್ನು ನಡೆಸುತ್ತಾಳೆ. ಹೆಣ್ಣುಮಗಳು ಬ್ಯಾಂಜೋ ಬಾರಿಸುವುದನ್ನು ನೋಡಲೆಂದೇ ಮೊದಮೊದಲು ಜನ ಸೇರುತ್ತಿದ್ದರು. ಆಮೇಲಾಮೇಲೆ ಕೇಳಲು ಸೇರತೊಡಗಿದರು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಸೋನಾಲಿ ಆ ಆಂಪ್ಲಿಫೈಯರನ್ನು ಅಂಗಡಿಗೆ ತಂದಳು. ಸತ್ತಿದ್ದು ಅದರ ರೆಕ್ಟಿಫೈಯರ್ ವಾಲ್ವು, ಅಂದರೆ ಮನೆಯ ಕರೆಂಟನ್ನು ಉಳಿದ ವಾಲ್ವುಗಳಿಗೆ ಬೇಕಾದ ನೇರ ಕರೆಂಟಾಗಿ ತಿರುಗಿಸಿ ಕೊಡುವ ವಾಲ್ವು. ಅಂಥದ್ದು ಈಗ ಸಿಗುವುದು ಕಷ್ಟ. ಮುಂಬಯಿಯಿಂದ ತರಿಸಿದ ಎರಡೂ ಎರಡೇ ದಿನದಲ್ಲಿ ಸುಟ್ಟುಹೋದವು. ಕೊನೆಗೆ ಭರಮು ಅದರ ಜಾಗಕ್ಕೆ ಗೋಧಿ ಕಾಳಿನಷ್ಟು ದಪ್ಪದ ಡಯೋಡುಗಳನ್ನು ಹಾಕಿದ. ಕರೆಂಟನ್ನು ತುಂಬಿಟ್ಟುಕೊಂಡು ಸಮ ಮಾಡುವ ಕಂಡೆನ್ಸರನ್ನೂ ಹಳೆಯದಕ್ಕಿಂತ ನಾಲ್ಕು ಪಟ್ಟು ದೊಡ್ಡದು ಹಾಕಿದ. ಹೇಗೂ ಮುಚ್ಚಳ ತೆಗೆದದ್ದಾಗಿದೆ ಎಂದು ಫೀಡ್‌ಬ್ಯಾಕನ್ನೂ ಹೆಚ್ಚಿಸಿದ. ವಾಲ್ವಿನ ಮಷೀನಿನಲ್ಲಿ ಸದಾ ಇರುವ 'ಗುಂಯ್' ಎನ್ನುವ ಸಣ್ಣ ಸದ್ದು ಪೂರ್ತಿ ಹೋಯಿತು. ಸ್ಪೀಕರಿಗೆ ಕಿವಿ ಹಚ್ಚಿದರೆ ಖಾಲಿ ಕೊಡಕ್ಕೆ ಕಿವಿ ಹಚ್ಚಿದಷ್ಟು ಶಾಂತ. ತಾನು ಇಷ್ಟು ವರ್ಷದಲ್ಲಿ ಮಾಡಿದ ಅತಿ ಸ್ವಚ್ಛವಾದ ಮಷೀನು ಇದೇ ಎಂದು ಅವನಿಗೆ ಅನ್ನಿಸಿತು.

ಸೋನಾಲಿ ಬಂದು ಅಂಗಡಿಯಲ್ಲೇ ಕುಳಿತು ಎರಡು ನಿಮಿಷ ಬಾರಿಸಿದಳು. ಆಮೇಲೆ ಕೈ ನಿಲ್ಲಿಸಿದಳು.

"ಕಾಕಾ, ಗುಂಯ್ ಅನ್ನೂದು ಹೋಗೈತ್ರಿ. ಭಾಳ ಸ್ವಚ್ಛ ಐತಿ. ಆದ್ರ ಜೋರ ಹೊಡದ್ರ ಗ್ವಾಡಿಗಿ ಬಡದಂಗ ಆಗತೈತಿ. ಮೊದಲ ಒತ್ತಿದ್ರ ಒತ್ತಿಸ್ಕೋತಿತ್ತು, ಆಮ್ಯಾಲ ಎದ್ದು ಬರ್ತಿತ್ತು."

ಭರಮು ಇನ್ನೊಮ್ಮೆ ಬಾರಿಸಲು ಹೇಳಿದ. ಮತ್ತೊಮ್ಮೆ ಹೇಳಿದ. ಅವನಿಗೆ ಕೇಳಿದ್ದು ಬ್ಯಾಂಜೋ ಅಷ್ಟೆ, ಅದೂ ಚೊಕ್ಕ ಬ್ಯಾಂಜೋ. ಗೋಡೆ ಎಲ್ಲಿದೆಯೋ ತಿಳಿಯಲಿಲ್ಲ. ಬಿಟ್ಟು ಹೋಗು, ನೋಡುತ್ತೇನೆ ಎಂದ. ವಾಲ್ವು ಬದಲಿಸಿದ, ಬೆಸುಗೆಗಳನ್ನೆಲ್ಲ ಹೊಸದಾಗಿ ಹಾಕಿದ. ಮುಂದಿನ ವಾರ ಅವಳು ಬಂದಾಗಲೂ ಅದೇ ಮಾತು. ಅದರ ಮುಂದಿನ ವಾರ ಅವಳು ಆ ಮಾತು ಹೇಳಲಿಲ್ಲ. ಪೆಟ್ಟಿಗೆ ಮುಚ್ಚಿ, ಇರಲಿ ಬಿಡ್ರಿ ಕಾಕಾ, ನಡೀತೈತಿ ಎಂದು ನಕ್ಕು ಹೊರಟಳು. ಭರಮುವಿಗೆ ನಾಟಿದ್ದು ಅದು. ಅವನ ಮಷೀನಿಗೆ ಅಲ್ಲಿಯ ತನಕ ಯಾರೂ 'ನಡೀತೈತಿ' ಎಂದಿರಲಿಲ್ಲ.

ಆ ವಾರವೇ ಒಂದು ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದ. ಅಕಾಲದ ಮಳೆಯಾಗಿ ನೆಲ ಹಸಿಯಾಗಿತ್ತು. ಈಗೀಗ ಜೀರುಂಡೆಗಳೇ ಇಲ್ಲವೇನು ಎಂದು ಮಲಕವ್ವನನ್ನು ಸುಮ್ಮನೆ ಕೇಳಿದ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು.

"ಆಗಿಂದ ಒದರಾಕತ್ತಾವಲ್ರಿ," ಎಂದಳು.

ಮರುದಿನದಿಂದ ಅವನು ಹೊಸ ಕೆಲಸ ಹಿಡಿಯುವುದನ್ನು ನಿಲ್ಲಿಸಿದ. ಅಥಣಿಯಿಂದ ಫೋನು ಮಾಡಿದ ಒಬ್ಬರಿಗೆ ಸಾಮಾನು ಸಿಗುತ್ತಿಲ್ಲ ಎಂದ. ರಾಯಬಾಗದವರಿಗೆ ಮೈಯಲ್ಲಿ ಹುಷಾರಿಲ್ಲ ಎಂದ. ಅಂಗಡಿಯಲ್ಲಿ ಸುಮ್ಮನೆ ಕುಳಿತು ತನ್ನ ಕಿವಿಯ ಹತ್ತಿರ ಬೆರಳು ಉಜ್ಜಿ ಉಜ್ಜಿ ನೋಡಿಕೊಳ್ಳುತ್ತಿದ್ದ. ಎಡಗಡೆ ಕೇಳುತ್ತದೆ, ಬಲಗಡೆ ಕಡಿಮೆ. ಇವತ್ತು ಜೀರುಂಡೆ ಹೋಯಿತು, ನಾಳೆ ಬ್ಯಾಂಜೋ ಹೋಗುತ್ತದೆ, ನಾಡಿದ್ದು ಹೆಂಡತಿಯ ಮಾತೂ ಹೋಗುತ್ತದೆ ಎಂದು ಲೆಕ್ಕ ಹಾಕಿಕೊಂಡ.

ಮಲಕವ್ವ ಹದಿನೈದು ದಿನ ನೋಡಿದಳು. ಹದಿನಾರನೆಯ ದಿನ ಅವನನ್ನು ಬಸ್ಸಿಗೆ ಹತ್ತಿಸಿ ಚಿಕ್ಕೋಡಿಗೆ ಕರೆದುಕೊಂಡು ಹೋದಳು. ಅಲ್ಲಿ ಕಿವಿ ಪರೀಕ್ಷೆ ಮಾಡುವ ಸರಿತಾ ಎಂಬ ಹೆಣ್ಣುಮಗಳು ಅವನನ್ನು ಗಾಜಿನ ಗೂಡಿನಲ್ಲಿ ಕೂಡಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದಳು. ಅರ್ಧ ತಾಸು ಹಿಡಿಯಿತು. ಆಮೇಲೆ ಒಂದು ಹಾಳೆಯಲ್ಲಿ ಗೆರೆ ಎಳೆದು ತೋರಿಸಿದಳು. ಗೆರೆ ಅರ್ಧದವರೆಗೆ ಸಮನಾಗಿ ಹೋಗಿ, ಆಮೇಲೆ ಬಾವಿಗೆ ಇಳಿದಂತೆ ಇಳಿದಿತ್ತು.

ಮೊದಲು ಯಾವ ಕೆಲಸದಲ್ಲಿದ್ದಿರಿ ಎಂದು ಅವಳು ಕೇಳಿದಳು. ಅವನು ಮಗ್ಗದ ಮಾತು ಹೇಳಿದ. ಅವಳು ತಲೆ ಆಡಿಸಿದಳು. ತೀರ ಸಣ್ಣ, ಚೂಪಾದ ಸದ್ದುಗಳನ್ನು ಹಿಡಿಯುವ ಭಾಗ ಆಗಲೇ ಹೋಗಿದೆ, ಮೂವತ್ತು ವರ್ಷದ ಹಿಂದೆಯೇ. ನಿಮಗೆ ಗೊತ್ತಾದದ್ದು ಈಗ, ಅಷ್ಟೆ. ಹೋದದ್ದು ತಿರುಗಿ ಬರುವುದಿಲ್ಲ. ಆದರೆ ಇದು ತಾನಾಗಿ ಹಬ್ಬುವ ರೋಗವಲ್ಲ ಎಂದಳು.

ಭರಮು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ಪೂರಾ ಕಿವುಡ ಆಗ್ತೇನೇನ್ರಿ, ಅಕ್ಕಾರ?"

"ಇಲ್ರಿ. ವಯಸ್ಸಿಗೆ ಎಲ್ಲಾರಿಗೂ ಆಗುವಷ್ಟು ಆದೀತು. ಅದಕ್ಕಿಂತ ಹೆಚ್ಚಿಗಿ ಏನಿಲ್ಲ. ಮಾತು, ಹಾಡು ಇರೂ ಜಾಗಾ ನಿಮ್ಮದು ಚಲೋ ಐತಿ."

ಹೊರಗೆ ಬಂದು ಮಲಕವ್ವ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಪ್ಲೇಟು ಭಜಿ ಹೇಳಿದಳು. ಹದಿನೈದು ದಿನದಿಂದ ಅರ್ಧ ರೊಟ್ಟಿಗೆ ಕೈ ತೊಳೆಯುತ್ತಿದ್ದವನು ತನ್ನ ಪ್ಲೇಟನ್ನೂ ತಿಂದು ಅವಳದರಲ್ಲೂ ಎರಡು ತೆಗೆದುಕೊಂಡ. ಎದೆಯ ಮೇಲಿನ ಅರ್ಧ ಭಾರ ಅಲ್ಲೇ ಇಳಿಯಿತು.

ಇನ್ನರ್ಧ ಉಳಿದಿತ್ತು. ಸೋನಾಲಿ ಹೇಳಿದ ಆ ಗೋಡೆ ತಾನು ಕಳೆದುಕೊಂಡ ಭಾಗದಲ್ಲೇ ಇರಬೇಕು ಎಂದು ಅವನು ತೀರ್ಮಾನ ಮಾಡಿಕೊಂಡ. ಇನ್ನು ಮೇಲೆ ತನ್ನ ಕಣ್ಣು, ಕೈ ಇದ್ದರೂ ಮಷೀನಿನ ದನಿಯ ಬಗ್ಗೆ ತೀರ್ಪು ಕೊಡುವ ಹಕ್ಕು ತನಗಿಲ್ಲ. ಬಾಬಾಸಾಹೇಬನಿಗೆ ಫೋನು ಮಾಡಿ ಇರುವ ವಿಷಯ ಹೇಳಿದ. ಕೊಲ್ಹಾಪುರದಲ್ಲಿ ಒಬ್ಬರಿದ್ದಾರೆ, ಮಷೀನು ಅಲ್ಲಿಗೆ ಒಯ್ಯಿ ಎಂದ. ರವಿವಾರ ಬರುತ್ತೇನೆ ಎಂದಷ್ಟೇ ಹೇಳಿ ಬಾಬಾಸಾಹೇಬ ಫೋನಿಟ್ಟ.

ರವಿವಾರ ಬೆಳಿಗ್ಗೆ ಬಾಬಾಸಾಹೇಬನ ಹಳೆಯ ಓಮ್ನಿ ಬಂದು ನಿಂತಿತು. ಒಳಗೆ ಸೋನಾಲಿ, ಬ್ಯಾಂಜೋ, ಆಂಪ್ಲಿಫೈಯರ್, ಸ್ಪೀಕರ್ ಪೆಟ್ಟಿಗೆ. ಕೊಲ್ಹಾಪುರಕ್ಕೆ ಹೊರಟಿದ್ದಾರೆ ಎಂದು ಭರಮು ತಿಳಿದ. ಆದರೆ ಸೋನಾಲಿ ಹೇಳಿದ್ದು ಕಾಗವಾಡದ ಮಾತು. ನೇಮಿನಾಥ ಮಾಸ್ತರರ ಮನೆಯಲ್ಲಿ ಇದರ ಅವಳಿ ಇದೆ, ಅದನ್ನು ಯಾರೂ ಬಿಚ್ಚಿಲ್ಲ. ಎರಡೂ ಒಂದೇ ಇದ್ದವು, ಒಂದನ್ನು ಬದಲಿಸಿದೆವು. ಪಕ್ಕಪಕ್ಕ ಇಟ್ಟರೆ ಏನು ಬದಲಾಯಿತು ಎಂಬುದು ಗೊತ್ತಾಗಲೇಬೇಕು ಎಂದಳು. ಗಣಿತದ ಮಾಸ್ತರ್ತಿಯ ಮಾತು.

ಭರಮು ಒಪ್ಪಲಿಲ್ಲ. ಗೊತ್ತಾದರೂ ನಿಮಗೆ ಗೊತ್ತಾದೀತು, ನನಗೆ ಕೇಳಬೇಕಲ್ಲ ಎಂದ. ಅವನಿಗೆ ಇದ್ದ ಅಂಜಿಕೆ ಬೇರೆ. ಮಾಸ್ತರರ ಮುಂದೆ, ದೋಸ್ತನ ಮುಂದೆ, ಕೂಸಿನಿಂದ ನೋಡಿದ ಹುಡುಗಿಯ ಮುಂದೆ ತನ್ನ ಕಿವುಡುತನ ಬಯಲಾಗುವುದು ಅವನಿಗೆ ಬೇಡವಾಗಿತ್ತು.

ಮಲಕವ್ವ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಹೋಗಿ ಬರ್ರಿ," ಎಂದಳು. "ಕೇಳಲಿಲ್ಲಂದ್ರ ಕೇಳಲಿಲ್ಲ. ಇಲ್ಲಿ ಕುಂತ್ರ ಏನ್ ಕೇಳತೈತಿ?"

ಹೋದರು. ಕಬ್ಬಿನ ಕಾಲ. ದಾರಿಯುದ್ದಕ್ಕೂ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು. ಚಿಕ್ಕೋಡಿ ದಾಟಿ, ಕೃಷ್ಣೆಯ ಸೇತುವೆ ದಾಟಿ ಕಾಗವಾಡ ಮುಟ್ಟುವಷ್ಟರಲ್ಲಿ ಹನ್ನೊಂದೂವರೆ. ನೇಮಿನಾಥ ಮಾಸ್ತರರಿಗೆ ಎಪ್ಪತ್ತಾರು. ಅವರ ಆಂಪ್ಲಿಫೈಯರ್ ಕಿಟಕಿಯ ಪಕ್ಕದ ಮೇಜಿನ ಮೇಲೆ ಕೈಮಗ್ಗದ ಬಟ್ಟೆ ಹೊದ್ದು ಕುಳಿತಿತ್ತು. ಸ್ವಿಚ್ಚು ಹಾಕಿದರೆ ಗುಂಯ್ ಎನ್ನುತ್ತಿತ್ತು. ಆ ಸದ್ದು ಭರಮುವಿಗೆ ಚೆನ್ನಾಗಿಯೇ ಕೇಳಿತು.

ವಿಷಯ ಕೇಳಿ ಮಾಸ್ತರರು ಒಂದೇ ಒಂದು ಸಲಹೆ ಕೊಟ್ಟರು. ಭರಮು ಬೆನ್ನು ತಿರುಗಿಸಿ ಕೂಡಲಿ. ಯಾವ ಮಷೀನು ಅಂತ ಕಣ್ಣಿಗೆ ಗೊತ್ತಾಗುವುದು ಬೇಡ. ಎರಡೂ ಸ್ಪೀಕರ್ ಪೆಟ್ಟಿಗೆಗಳು ಒಂದೇ ನಮೂನೆಯವು. ಅವನ್ನು ಒತ್ತೊತ್ತಾಗಿ ಇಟ್ಟು, ದನಿ ಸಮ ಮಾಡಿ, ಬ್ಯಾಂಜೋದ ವೈರನ್ನು ಬಾಬಾಸಾಹೇಬ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಚುಚ್ಚುವುದು ಎಂದಾಯಿತು. ಭರಮು ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಕುಳಿತ.

ಸೋನಾಲಿ ಮದುವೆಯ ಚಾಲು, ಅಂದರೆ ಮೆರವಣಿಗೆಯ ಒಂದು ಧಾಟಿ, ಬಾರಿಸಿದಳು. ಎರಡರಲ್ಲೂ ಬಾರಿಸಿದಳು. ಬೆರಳು ಓಡುತ್ತಿದ್ದವು, ಸುರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಭರಮುವಿಗೆ ವ್ಯತ್ಯಾಸ ತಿಳಿಯಲಿಲ್ಲ. ಗೊತ್ತಾಗಲಿಲ್ಲ ಎಂದು ಹೇಳಿ ಎದ್ದುಬಿಡುವುದೇ ಸರಿ ಎಂದುಕೊಂಡ. ಏಳುವ ಮುಂಚೆ ಸುಮ್ಮನೆ ಅವಳ ಮಾತನ್ನು ಇನ್ನೊಮ್ಮೆ ನೆನೆದ. ಒತ್ತಿದರೆ ಒತ್ತಿಸಿಕೊಳ್ಳುತ್ತಿತ್ತು, ಆಮೇಲೆ ಎದ್ದು ಬರುತ್ತಿತ್ತು. ಇಷ್ಟು ದಿನ ಅವನು ದನಿಯ ಹೊಳಪನ್ನು, ಚೊಕ್ಕತನವನ್ನು ಹುಡುಕುತ್ತಿದ್ದ. ಅವಳು ಹೇಳಿದ್ದು ಹೊಳಪಿನ ಮಾತೇ ಅಲ್ಲ. ಮೊದಲು ಏನೋ ಆಗುತ್ತದೆ, ಆಮೇಲೆ ಇನ್ನೇನೋ ಆಗುತ್ತದೆ ಎಂದು ಅವಳು ಹೇಳಿದ್ದಳು.

"ಚಾಲು ಬ್ಯಾಡವ್ವಾ," ಎಂದ. "ಒಂದ ತಂತಿ. ಒಂದ ಸುರ. ಜೋರ ಹೊಡಿ, ಹೊಡದು ಬಿಡು. ಪೂರಾ ಸಾಯೂತನಾ ಮುಟ್ಟಬ್ಯಾಡ."

ಅವಳು ಹೊಡೆದಳು. ಸುರ ಬಂತು, ಬಂದ ಕ್ಷಣದಿಂದಲೇ ಇಳಿಯುತ್ತ ಹೋಯಿತು. ಬಾಬಾಸಾಹೇಬ ವೈರು ಬದಲಿಸಿದ. ಅವಳು ಮತ್ತೆ ಹೊಡೆದಳು. ಈ ಸಲ ಸುರ ಬರುವಾಗ ಒಂದಿಷ್ಟು ತಗ್ಗಿತು. ತಗ್ಗಿದ್ದು ಉಸಿರು ತೆಗೆದುಕೊಂಡಂತೆ ಮೆಲ್ಲಗೆ ಉಬ್ಬಿ ಮೇಲೆ ಬಂತು, ಬಂದು ನಿಧಾನ ಇಳಿಯಿತು.

ಭರಮು ಅಲ್ಲಾಡಲಿಲ್ಲ. ಮತ್ತೊಮ್ಮೆ ಎಂದ. ಆಮೇಲೆ, ಎರಡನೇದ್ದು ಮಾಸ್ತರರದು ಎಂದ. ಹೌದು ಎಂದ ಬಾಬಾಸಾಹೇಬ. ಅಷ್ಟಕ್ಕೆ ಬಿಡದೆ ಎಂಟು ಸಲ ಮಾಡಿಸಿದ. ಬಾಬಾಸಾಹೇಬ ಬೇಕೆಂದೇ ಮೂರು ಸಲ ಸತತ ಒಂದರಲ್ಲೇ ವೈರು ಬಿಟ್ಟು ಮೋಸ ಮಾಡಿ ನೋಡಿದ. ಎಂಟಕ್ಕೆ ಎಂಟೂ ಭರಮು ಸರಿ ಹೇಳಿದ.

ಆಮೇಲೆ ತಿರುಗಿ ಕುಳಿತು ನೀರು ಕೇಳಿದ. ಮಾಸ್ತರರ ಸೊಸೆ ತಂದ ತಂಬಿಗೆಯನ್ನು ಒಂದೇ ಉಸಿರಿಗೆ ಖಾಲಿ ಮಾಡಿ ಇನ್ನೊಂದು ಕೇಳಿದ. ಅವನ ಮುಖ ನಗುತ್ತಿತ್ತು. ಬಾಬಾಸಾಹೇಬ ಬಾತ ಬೆರಳುಗಳ ಕೈಯಿಂದಲೇ ಅವನ ಬೆನ್ನಿಗೆ ಎರಡು ಗುದ್ದಿದ.

"ಕೇಳತೈತಿ, ದೋಸ್ತ," ಎಂದ ಭರಮು. "ನಂಗ ಕೇಳತೈತಿ. ನಾನ ಬ್ಯಾರೆ ಕಡೆ ಕಿವಿ ಇಟ್ಟಿದ್ದೆ."

ಆಮೇಲಿನದೆಲ್ಲ ಅವನಿಗೆ ಸಲೀಸು. ಮುಳ್ಳಿನ ಹಳೆಯ ಮೀಟರನ್ನು ಚೀಲದಿಂದ ತೆಗೆದು ಮಾಸ್ತರರ ಮಷೀನಿಗೆ ಹಚ್ಚಿದ. ಸುಮ್ಮನಿದ್ದಾಗ ಮುನ್ನೂರ ಮೂವತ್ತು ವೋಲ್ಟು. ಸೋನಾಲಿ ಜೋರಾಗಿ ಹೊಡೆದೊಡನೆ ಮುಳ್ಳು ಮುನ್ನೂರೆಂಟಕ್ಕೆ ಕುಸಿದು ಮೆಲ್ಲಗೆ ಮೇಲೆ ಬಂತು. ತಾನು ತಿದ್ದಿದ ಸೋನಾಲಿಯ ಮಷೀನಿಗೆ ಹಚ್ಚಿದರೆ ಮುನ್ನೂರ ಐವತ್ತೆಂಟು. ಎಷ್ಟು ಜೋರಾಗಿ ಹೊಡೆದರೂ ನಾಲ್ಕು ವೋಲ್ಟಿನಷ್ಟೂ ಇಳಿಯಲಿಲ್ಲ. ಅದನ್ನು ಅವನು ಸೋನಾಲಿಗೆ ಬಾವಿಯ ಲೆಕ್ಕದಲ್ಲಿ ತಿಳಿಸಿಕೊಟ್ಟ. ಹಳೆಯ ರೆಕ್ಟಿಫೈಯರ್ ವಾಲ್ವು ಸಣ್ಣ ಸೆಲೆಯ ಬಾವಿ ಇದ್ದಂತೆ. ಪಂಪು ಜೋರಾಗಿ ಎಳೆದರೆ ನೀರು ತಗ್ಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ತುಂಬುತ್ತದೆ. ಆ ತಗ್ಗಿ ತುಂಬುವುದೇ ಅವಳಿಗೆ ಒತ್ತಿಸಿಕೊಂಡು ಎದ್ದು ಬಂದಂತೆ ಕೇಳುತ್ತಿದ್ದದ್ದು. ಡಯೋಡೂ ದೊಡ್ಡ ಕಂಡೆನ್ಸರೂ ಸೇರಿದರೆ ಅದು ಕೆನಾಲು. ಎಷ್ಟು ಎಳೆದರೂ ತಗ್ಗುವುದಿಲ್ಲ, ತಗ್ಗದ್ದು ಏಳುವುದೂ ಇಲ್ಲ.

ಫೀಡ್‌ಬ್ಯಾಕಿನ ಮಾತು ಇನ್ನೂ ಇತ್ತು. ಸ್ವಿಚ್ಚು ಆರಿಸಿ, ಕಂಡೆನ್ಸರಿನಲ್ಲಿ ಉಳಿದ ಕರೆಂಟನ್ನು ಇಳಿಸಿ, ಸೋನಾಲಿಯ ಮಷೀನಿನ ಫೀಡ್‌ಬ್ಯಾಕಿನ ವೈರಿನ ಒಂದು ತುದಿ ಬಿಡಿಸಿ, ಮತ್ತೆ ಸ್ವಿಚ್ಚು ಹಾಕಿ ನೋಡಿದ. ಗುಂಯ್ ಎನ್ನುವುದು ತುಸು ತಿರುಗಿ ಬಂತು. ಆದರೆ ಸೋನಾಲಿ ಹೇಳಿದ ಗೋಡೆ ಕರಗಿತು. ಹೆಚ್ಚಿಗೆ ತಿದ್ದಿಸಿಕೊಳ್ಳುವ ಮಷೀನು ಕೊನೆಯ ಘಳಿಗೆಯವರೆಗೂ ತಪ್ಪನ್ನು ತೋರಗೊಡದೆ ತಡೆಯುತ್ತದೆ. ತಾಕತ್ತು ಮುಗಿದೊಡನೆ ಒಮ್ಮೆಲೇ ಕೈಬಿಡುತ್ತದೆ. ಜೋರಾಗಿ ಹೊಡೆದಾಗ ಅವಳು ತಾಕುತ್ತಿದ್ದದ್ದು ಅದಕ್ಕೆ. ಕಡಿಮೆ ತಿದ್ದುವ ಮಷೀನು ಮೊದಲಿನಿಂದಲೇ ತುಸುತುಸು ಬಾಗುತ್ತ ಹೋಗುತ್ತದೆ. ಸ್ಪೀಕರನ್ನೂ ಬಿಗಿಯಾಗಿ ಹಿಡಿಯದೆ ಸುರ ಒಂದಿಷ್ಟು ಮೊರೆಯಲು ಬಿಡುತ್ತದೆ.

ಮಾಸ್ತರರ ಮನೆಯಲ್ಲಿ ಊಟ ಮಾಡಿಕೊಂಡು ಹೊರಟರು. ವಾಪಸು ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಓಮ್ನಿ ತೆವಳುತ್ತಿದ್ದರೂ ಯಾರಿಗೂ ಅವಸರವಿರಲಿಲ್ಲ. ಭರಮು ಮುಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಅವನನ್ನು ಎಬ್ಬಿಸಬೇಡ ಎಂದು ಬಾಬಾಸಾಹೇಬ ಮಗಳಿಗೆ ಸನ್ನೆ ಮಾಡಿದ.

ಆಂಪ್ಲಿಫೈಯರನ್ನು ಸರಿ ಮಾಡಲು ನಾಲ್ಕು ದಿನ ಹಿಡಿಯಿತು. ಸಿಗದ ವಾಲ್ವಿಗಾಗಿ ಅವನು ಮತ್ತೆ ಹುಡುಕಲಿಲ್ಲ. ಡಯೋಡುಗಳ ಮುಂದೆ ಸೀಮೆಸುಣ್ಣದಂಥ ಬಿಳಿಯ ಒಂದು ದೊಡ್ಡ ರೆಸಿಸ್ಟರ್ ಹಾಕಿದ. ವಾಲ್ವು ಮಾಡುತ್ತಿದ್ದ ತಡೆಯನ್ನು ಈಗ ಅದು ಮಾಡುತ್ತದೆ. ಮೊದಲ ಕಂಡೆನ್ಸರನ್ನು ಹಳೆಯ ಅಳತೆಗೆ ಇಳಿಸಿದ. ಆದರೆ ಸಣ್ಣ ದನಿಯನ್ನು ಹಿಡಿಯುವ ಮುಂದಿನ ವಾಲ್ವುಗಳಿಗೆ ಮಾತ್ರ ದೊಡ್ಡ ಕಂಡೆನ್ಸರನ್ನೇ ಉಳಿಸಿದ. ಹೀಗಾಗಿ ಕೊನೆಯ ದೊಡ್ಡ ವಾಲ್ವುಗಳು ತಗ್ಗಿ ಏಳುತ್ತವೆ, ಗುಂಯ್ ಎನ್ನುವುದು ಮಾತ್ರ ಬೆಳೆಯುವುದಿಲ್ಲ. ಫೀಡ್‌ಬ್ಯಾಕು ಎಷ್ಟು ಇರಬೇಕು ಎನ್ನುವುದಕ್ಕೆ ಎರಡು ದಿನ ಕಳೆದ. ಸೋನಾಲಿಯನ್ನು ಕರೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಅಂಗಡಿಯಲ್ಲಿದ್ದ ಹಳೆಯ ಬ್ಯಾಂಜೋದ ಒಂದೇ ತಂತಿಯನ್ನು ಮತ್ತೆ ಮತ್ತೆ ಹೊಡೆದು, ಹೊಡೆದು ಬಿಟ್ಟು, ತಾನೇ ಕೇಳಿ ತಾನೇ ನಿರ್ಧಾರ ಮಾಡಿದ.

ಸೋನಾಲಿ ಶಾಲೆ ಬಿಟ್ಟ ಮೇಲೆ ಬಂದಳು. ಮಲಕವ್ವ ಚಹಾ ತಂದಿಟ್ಟಳು. ಹುಡುಗಿ ಮೊದಲು ಒಂದು ಸುರ ಹೊಡೆದಳು. ಆಮೇಲೆ ಇನ್ನೊಂದು. ಆಮೇಲೆ ಅವಳು ನಲವತ್ತು ನಿಮಿಷ ನಿಲ್ಲಿಸಲೇ ಇಲ್ಲ. ಚಹಾ ಆರಿ ಕೆನೆ ಕಟ್ಟಿತು. ಎದುರಿನ ಕಿರಾಣಿ ಅಂಗಡಿಯವನು ಗಿರಾಕಿಯನ್ನು ಬಿಟ್ಟು ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಅವಳು ಮುಗಿಸಿ ಮೇಲೆ ನೋಡಿದಾಗ ಹೇಗಿದೆ ಎಂದು ಭರಮು ಕೇಳಲಿಲ್ಲ.

ಆರು ತಿಂಗಳ ಮೇಲೆ ಮಲಕವ್ವ ಅವನನ್ನು ಮತ್ತೊಮ್ಮೆ ಚಿಕ್ಕೋಡಿಗೆ ಕರೆದೊಯ್ದಳು. ಸರಿತಾ ಹೊಸ ಗೆರೆಯನ್ನು ಹಳೆಯ ಗೆರೆಯ ಮೇಲಿಟ್ಟು ಬೆಳಕಿಗೆ ಹಿಡಿದು ತೋರಿಸಿದಳು. ಎರಡೂ ಒಂದೇ. ಬಲಗಿವಿಗೆ ಸಣ್ಣದೊಂದು ಯಂತ್ರ ಹಾಕಿಕೊಂಡರೆ ಮನೆಯವರು ಕೂಗುವುದು ತಪ್ಪುತ್ತದೆ ಎಂದಳು. ಅವನು ಹಾಕಿಸಿಕೊಂಡ. ಕೆಲಸಕ್ಕೆ ಕುಳಿತಾಗ ಮಾತ್ರ ಅದನ್ನು ತೆಗೆದು ಡಬ್ಬಿಯಲ್ಲಿಡುತ್ತಾನೆ. ತನಗೆ ಉಳಿದಿರುವ ಕಿವಿಯ ಅಳತೆ ಈಗ ಅವನಿಗೆ ಗೊತ್ತಿದೆ. ದನಿಯ ತುತ್ತತುದಿಯ ಹೊಳಪನ್ನು ನೋಡುವುದಿದ್ದರೆ ಸೋನಾಲಿಗೆ ಫೋನು ಮಾಡುತ್ತಾನೆ, ಅದರಲ್ಲಿ ಅವನಿಗೆ ನಾಚಿಕೆಯಿಲ್ಲ. ಉಳಿದದ್ದಕ್ಕೆ ಅವನ ಕಿವಿಯೇ ಸಾಕು. ಅಥಣಿಯವರಿಗೂ ರಾಯಬಾಗದವರಿಗೂ ತಾನೇ ಫೋನು ಮಾಡಿ, ಸಾಮಾನು ಸಿಕ್ಕಿದೆ, ಮೈಯೂ ಹುಷಾರಾಗಿದೆ ಎಂದು ತಿಳಿಸಿದ.

ಈಚೆಗೆ ಮುಗಳಖೋಡದಿಂದ ಕೆಂಚವ್ವ ಎಂಬ ಭಜನೆ ಹಾಡುವ ಹೆಣ್ಣುಮಗಳು ಬಂದಿದ್ದಳು. ಅವಳಿಗೂ ಬ್ಯಾಂಜೋದವರಂಥದ್ದೇ ಮಷೀನು ಬೇಕಿತ್ತು. ಭರಮು ಅವಳಿಗೆ ಒಂದೇ ಸುರ ಹಿಡಿದು ಉಸಿರು ಮುಗಿಯುವತನಕ ಹಾಡಲು ಹೇಳಿದ. ಆಮೇಲೆ ಬ್ಯಾಂಜೋದವರಿಗೆ ಕೊಟ್ಟಂಥ ತಗ್ಗಿ ಏಳುವ ಕರೆಂಟನ್ನು ಅವಳಿಗೆ ಕೊಡಲಿಲ್ಲ. ಆ ಗಂಟಲು ತಾನಾಗಿಯೇ ತಗ್ಗಿ ಏಳುತ್ತಿತ್ತು. ಮಷೀನು ಅದರ ಮೇಲೆ ಮತ್ತೆ ತಗ್ಗಿ ಏಳುವುದು ಬೇಡ ಎಂದು ದೊಡ್ಡ ಕಂಡೆನ್ಸರನ್ನೂ, ತುಸು ಹೆಚ್ಚಿನ ಫೀಡ್‌ಬ್ಯಾಕನ್ನೂ ಹಾಕಿ ಗಟ್ಟಿಯಾಗಿ ಕಟ್ಟಿದ. ಬೇರೆ ಮಷೀನಿನ ಹಾಗೆ ಇದು ಗುಂಯ್ ಅನ್ನುವುದಿಲ್ಲವಲ್ಲ, ಕೆಟ್ಟಿಲ್ಲ ತಾನೇ ಎಂದು ಅವಳು ಎರಡು ಸಲ ಕೇಳಿದಳು. ಇಲ್ಲ ಎಂದು ಅವನೂ ಎರಡು ಸಲ ಹೇಳಿದ. ಮಷೀನನ್ನು ಚಾದರದಲ್ಲಿ ಸುತ್ತಿ, ರಾಯಬಾಗದ ಬಸ್ಸಿನಲ್ಲಿ ಅವಳ ಕಾಲ ಹತ್ತಿರ ಇಟ್ಟು, ಬಸ್ಸು ಹೊರಟ ಮೇಲೆ ಅವನು ಊಟಕ್ಕೆ ಮನೆಗೆ ನಡೆದ.